ಕಾಮನಿಗೆ ಹೋದ ಕದ

ಸವಣೂರಿನ ಖಜಾನೆಯಲ್ಲಿ ಸಂಜೆ ಹಣದ ಪೆಟ್ಟಿಗೆಗೆ ಬೀಗ ಬಿದ್ದ ಮೇಲೆ, ಬೀಗಕ್ಕೆ ಬಟ್ಟೆ ಸುತ್ತಿ, ದಾರ ಬಿಗಿದು, ಗಂಟಿನ ಮೇಲೆ ಅರಗು ಕಾಯಿಸಿ ಬಿಡುವುದು ಜವಾನ ಭರಮಪ್ಪನ ಕೆಲಸ. ಅರಗು ಬಿಡುವಾಗ ಆತ ಬೆರಳನ್ನು ದೂರ ದೂರ ಹಿಡಿಯುತ್ತಿದ್ದ. ನೋಡಿದವರು, ಪಾಪ, ಸುಟ್ಟೀತೆಂದು ಅಂಜುತ್ತಾನೆ ಅಂದುಕೊಳ್ಳುತ್ತಿದ್ದರು. ಸುಡುವ ಅಂಜಿಕೆಯಲ್ಲ ಅದು. ಹಸಿ ಅರಗಿನ ಮೇಲೆ ತನ್ನ ಬೆರಳಿನ ಗೆರೆ ಮೂಡಿದರೆ, ಅದನ್ನು ಯಾರಾದರೂ ನೋಡಿ ಇನ್ನೊಂದು ಕಡೆ ಇರುವ ಗೆರೆಗೆ ಹೋಲಿಸಿದರೆ ಎಂಬ ಅಂಜಿಕೆ.

ಆ ಇನ್ನೊಂದು ಗೆರೆ ಪೊಲೀಸ್ ಠಾಣೆಯ ಕಪಾಟಿನಲ್ಲಿತ್ತು. ಇತ್ತು ಎಂದು ಭರಮಪ್ಪ ನಂಬಿದ್ದ. ಮನುಷ್ಯನ ಅನ್ನ ನೀರು ಕೆಡಿಸಲು ನಂಬಿಕೆಯೇ ಸಾಕು, ನಿಜವೇ ಬೇಕೆಂದಿಲ್ಲ.

ದುಂಡಶಿಯಲ್ಲಿ ಬಸ್ಸಿಳಿದು ಹೊಲದ ದಾರಿ ಹಿಡಿದರೆ ಕರೇಕಟ್ಟಿ ಎಂಬ ಹಳ್ಳಿ. ಭರಮಪ್ಪ ಅಲ್ಲಿಯವನು. ಊರಿಗೆ ಎರಡೇ ಓಣಿ, ಮೇಲಿನದೊಂದು, ಕೆಳಗಿನದೊಂದು. ವರ್ಷವೆಲ್ಲ ಉಪ್ಪು ಮೆಣಸಿನಕಾಯಿ ಕೊಟ್ಟು ತಕ್ಕೊಂಡು ಬಾಳುವ ಜನ ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ದಾಯಾದಿಗಳಾಗುತ್ತಿದ್ದರು. ಯಾವ ಓಣಿಯ ಕಾಮ ಎತ್ತರ ಉರಿಯಿತು ಎಂಬುದೊಂದೇ ಮಾತು. ಕಾಮನನ್ನು ಸುಡುವ ಕಟ್ಟಿಗೆಯನ್ನು ಕೊಂಡು ತರಬಾರದು, ಬೇಡಿಯೂ ತರಬಾರದು, ಕದ್ದೇ ತರಬೇಕು. ಕುಳ್ಳು, ಮುರಿದ ನೊಗ, ಬೇಲಿಯ ಗೂಟ, ಮುದುಕ ಎದ್ದು ಹೊರಗೆ ಹೋದರೆ ಅವನು ಮಲಗಿದ್ದ ಹೊರಸು. ಕಾಮನ ರಾಶಿಗೆ ಬಿದ್ದದ್ದು ಕಾಮನ ಪಾಲು. ಕಳೆದುಕೊಂಡವರು ಎದುರು ನಿಂತು ಗಂಟಲು ಹರಿಯುವಂತೆ ಬೈಯಬಹುದು, ಮರಳಿ ಕೇಳುವಂತಿಲ್ಲ. ಬೈಗುಳ ಎಷ್ಟು ಬಿದ್ದರೆ ಹಬ್ಬಕ್ಕೆ ಅಷ್ಟು ಕಳೆ. ಊರೆಲ್ಲ ನಗುತ್ತಿತ್ತು. ಕಳೆದುಕೊಂಡವರು ನಗುತ್ತಿದ್ದರೋ ಇಲ್ಲವೋ ಎಂದು ಯಾರೂ ಅವರ ಮನೆಗೆ ಹೋಗಿ ನೋಡುತ್ತಿರಲಿಲ್ಲ.

ಎಪ್ಪತ್ತೊಂದರ ಹೋಳಿಯಲ್ಲಿ ಭರಮಪ್ಪನಿಗೆ ಆಗತಾನೇ ಮೀಸೆ ದಟ್ಟವಾಗಿತ್ತು. ಮೇಲಿನ ಓಣಿಯ ಹುಡುಗರಿಗೆ ಅವನೇ ಮುಂದಾಳು. ಆ ಸಲ ಕೆಳಗಿನ ಓಣಿಯವರ ರಾಶಿ ಯಾಕೋ ಬಹಳ ಬೆಳೆದಿತ್ತು, ಅದನ್ನು ನೋಡಿ ಇವನ ಹೊಟ್ಟೆ ಉರಿದಿತ್ತು. ಕೆಳಗಿನ ಓಣಿಯ ಕೊನೆಯ ಮನೆ ಗುತ್ತೆವ್ವನದು. ಗಂಡ ಸತ್ತವಳು, ಕರೆವ್ವ ಎಂಬ ಒಬ್ಬಳೇ ಮಗಳು. ಜೋಳದ ರಾಶಿ ಕಾಯಲು ತಾಯಿ ಮಗಳಿಬ್ಬರೂ ಕಣದಲ್ಲಿ ಮಲಗಲು ಹೋಗಿದ್ದರು. ಅವರ ಮನೆಗೆ ಹಳೆಯ ಕಾಲದ ಭಾರಿ ಕದ, ಅದರ ಗೂಟ ಹೊಸ್ತಿಲ ಕಲ್ಲಿನ ಕುಳಿಯಲ್ಲಿ ಕುಳಿತು ತಿರುಗುತ್ತಿತ್ತು. ಚಿಲಕಕ್ಕೆ ಕೀಲಿ ಹಾಕಿದ್ದಳು, ಹಾಕಿ ಏನು ಮಾಡುವುದು? ಅಡಿಗೆ ಹಾರೆ ಕೊಟ್ಟು ಮೀಟಿದರೆ ಕೀಲಿ ಸಮೇತ ಕದವೇ ಎದ್ದು ಬರುತ್ತದೆ. ಮೀಟಿದವನು ಭರಮಪ್ಪ. ಆ ವರ್ಷ ಮೇಲಿನ ಓಣಿಯ ಕಾಮನ ಉರಿಗೆ ಪಕ್ಕದ ಬೇವಿನಮರದ ಎಲೆ ಕರಕಲಾದವು. ಭರಮಪ್ಪ ಹಲಗೆ ಬಡಿದು ಬಡಿದು ಅಂಗೈ ಒಡೆದುಕೊಂಡ.

ಬೆಳಗ್ಗೆ ಕಣದಿಂದ ಬಂದ ಗುತ್ತೆವ್ವ ಬೂದಿಯ ಎದುರು ಬಂದು ನಿಂತಳು. ಈಗ ಬೈತಾಳೆ, ಈಗ ಬೈತಾಳೆ ಎಂದು ಹುಡುಗರು ಕಾದರು. ಆಕೆ ಬೈಯಲಿಲ್ಲ. ಬೂದಿಯೊಳಗೆ ಬಿದ್ದಿದ್ದ ಚಿಲಕವನ್ನು ಕೋಲಿನಿಂದ ಹೊರಗೆಳೆದು, ಆರಿದ ಮೇಲೆ ಉಡಿಯಲ್ಲಿ ಹಾಕಿಕೊಂಡು ಹೋದಳು. ಅದೇ ದಿನ ಹಾನಗಲ್ ಕಡೆಯಿಂದ ಆಕೆಯ ಅಣ್ಣ ಬಂದಿದ್ದ. ಬಾಗಿಲಿಲ್ಲದ ಮನೆ ನೋಡಿ, ಇದೇನು ಊರೋ ಅಡವಿಯೋ ಎಂದು ಸಿಟ್ಟಾಗಿ, ನೆಟ್ಟಗೆ ಠಾಣೆಗೆ ಹೋಗಿ ತಂಗಿಯ ಹೆಸರಿನಲ್ಲಿ ದೂರು ಕೊಟ್ಟ. ಕಾಮನ ಕಟ್ಟಿಗೆಗಾಗಿ ಠಾಣೆ ಹತ್ತಿದ್ದನ್ನು ಕರೇಕಟ್ಟಿ ಅಂದಿನವರೆಗೆ ಕಂಡಿರಲಿಲ್ಲ.

ಪೊಲೀಸರು ಬಂದು ಯಾರು ಎಂದು ಕೇಳಿದಾಗ ಇಡೀ ಓಣಿ ಹೆಮ್ಮೆಯಿಂದ ಭರಮಪ್ಪನನ್ನು ತೋರಿಸಿತು. ಅವನೂ ಎದೆ ಸೆಟೆಸಿಯೇ ನಿಂತಿದ್ದ. ಹೆಗಲ ಮೇಲೆ ಪೊಲೀಸನ ಕೈ ಬಿದ್ದಾಗ ಎದೆ ಒಳಗೆ ಹೋಯಿತು. ಅಂದು ಠಾಣೆಯಲ್ಲೇ ಇಟ್ಟುಕೊಂಡರು. ಹೊಡೆಯಲಿಲ್ಲ, ಬಡಿಯಲಿಲ್ಲ. ಒಂದೊಂದೇ ಬೆರಳನ್ನು ಕರಿ ಮಸಿಯಲ್ಲಿ ಅದ್ದಿ ಕಾಗದದ ಮೇಲೆ ಉರುಳಿಸಿದರು. ತನ್ನ ಬೆರಳು ತನ್ನದಲ್ಲವೇನೋ ಎಂಬಂತೆ ಬೇರೊಬ್ಬ ಹಿಡಿದು ಉರುಳಿಸುವಾಗ ಹುಟ್ಟಿದ ಭಯ ಹೊಡೆತದಿಂದಲೂ ಹುಟ್ಟುವುದಿಲ್ಲ. ಮಾರನೆಯ ದಿನ ಊರ ಹಿರಿಯರು ಹೋಗಿ ರಾಜಿ ಮಾಡಿಸಿ ಬಿಡಿಸಿಕೊಂಡು ಬಂದರು. ಬಿಡುವಾಗ ಫೌಜದಾರ ಅಂದ ಮಾತು ಒಂದೇ.

"ಹೋಗು. ಆದ್ರ ನಿನ್ನ ಹೆಸರು ಇಲ್ಲೇ ಇರತೈತಿ, ನೆನಪಿಟ್ಕೋ."

ರಾಜಿಯಲ್ಲಿ ಆದ ಮಾತೆಂದರೆ, ಮೇಲಿನ ಓಣಿಯವರೆಲ್ಲ ಸೇರಿ ಗುತ್ತೆವ್ವನಿಗೆ ಹೊಸ ಕದ ಮಾಡಿಸಿಕೊಡುವುದು. ಎಲ್ಲರೂ ಹೂಂ ಅಂದರು. ಸುಗ್ಗಿ ಮುಗಿಯಲಿ ಅಂದರು, ಮುಗಿಯಿತು. ಬಿತ್ತಿಗೆ ಆಗಲಿ ಅಂದರು, ಆಯಿತು. ಹತ್ತು ಮಂದಿ ಒಪ್ಪಿಕೊಂಡ ಕೆಲಸ ಒಬ್ಬನ ಮೈಗೂ ಹತ್ತುವುದಿಲ್ಲ. ಊರು ಮರೆಯಿತು. ಎಲ್ಲರಿಗಿಂತ ಮೊದಲು ಭರಮಪ್ಪ ಮರೆತ, ಕೆಳಗಿನ ಓಣಿಯ ಆ ತುದಿಗೆ ಕಾಲಿಡುವುದನ್ನೇ ಬಿಟ್ಟ. ಮಸಿಯನ್ನು ಮಾತ್ರ ಮರೆಯಲಿಲ್ಲ.

ಎಪ್ಪತ್ತಾರರಲ್ಲಿ, ತುರ್ತು ಪರಿಸ್ಥಿತಿಯ ದಿನಗಳಲ್ಲಿ, ಅವನಿಗೆ ಖಜಾನೆಯ ನೌಕರಿ ಬಂತು. ಏಳನೆಯ ಇಯತ್ತೆ ಪಾಸಾಗಿ, ಧಾರವಾಡದ ಉದ್ಯೋಗ ಕಚೇರಿಯಲ್ಲಿ ಹೆಸರು ಹಚ್ಚಿಸಿ, ಕಾದು ಕಾದು ಆಸೆ ಬಿಟ್ಟ ಮೇಲೆ ಬಂದ ನೌಕರಿ. ಹಿಂದಿನ ವರ್ಷವಷ್ಟೇ ಮದುವೆಯಾಗಿ ಊರಿಗೆ ಬಂದಿದ್ದ ಹೆಂಡತಿ ಶಂಕ್ರವ್ವ ಬಸುರಿ. ಕೂಲಿಯ ಬಾಳು ತೀರಿತು, ಹುಟ್ಟುವ ಕೂಸು ಸರ್ಕಾರಿ ನೌಕರನ ಕೂಸು ಎಂದು ಆಕೆ ಓಣಿಗೆಲ್ಲ ಸಕ್ಕರೆ ಹಂಚಿದಳು. ಸವಣೂರಿನಲ್ಲಿ ವೀಳ್ಯದೆಲೆ ಪೇಟೆಯ ಹಿಂದೆ ಒಂದು ಖೋಲಿ ಹಿಡಿದರು.

ಕೆಲಸಕ್ಕೆ ಹಾಜರಾದ ದಿನ ಹೆಡ್‌ಕ್ಲಾರ್ಕ್ ಕುಬೇರಪ್ಪ ಒಂದು ಅರ್ಜಿ ಮುಂದಿಟ್ಟುಕೊಂಡು ಒಂದೊಂದನ್ನೇ ಓದಿ ಕೇಳಿ ತುಂಬತೊಡಗಿದರು. ತಂದೆಯ ಹೆಸರು, ಊರು, ಜಾತಿ. ಪಕ್ಕದಲ್ಲಿ ಖಜಾನೆಯ ಪಹರೆಯ ಹವಾಲ್ದಾರ ಇಸ್ಮಾಯಿಲಸಾಬ ಬಂದೂಕು ಗೋಡೆಗೆ ಒರಗಿಸಿ ಚಹಾ ಕುಡಿಯುತ್ತ ನಿಂತಿದ್ದ.

"ಯಾವಾಗರೆ ಪೊಲೀಸರು ಹಿಡದಿದ್ರೇನು ನಿನ್ನ?" ಕುಬೇರಪ್ಪ ತಲೆ ಎತ್ತದೆ ಕೇಳಿದರು.

"ಇಲ್ರಿ" ಎಂದು ಬಾಯಿ ಅಂದುಬಿಟ್ಟಿತು. ಮನಸ್ಸು ಇನ್ನೂ ಯೋಚಿಸುತ್ತಿತ್ತು.

"ಹಂಗಾರ ಸಹಿ ಮಾಡು. ನೋಡಪಾ, ಇದು ರೊಕ್ಕದ ಖಾತೆ. ಪೊಲೀಸ್ರು ನಿಮ್ಮೂರಿಗೆ ಹೋಗಿ ಕೇಳಿ ಬರ್ತಾರ. ಇದ್ರಾಗ ಸುಳ್ಳು ಬರದದ್ದು ಗೊತ್ತಾದ್ರ ನೌಕರಿ ಅಷ್ಟ ಅಲ್ಲ, ಕೇಸೂ ಆಕ್ಕೈತಿ."

ಭರಮಪ್ಪ ಪೆನ್ನು ಕೈಗೆ ತಕ್ಕೊಂಡ. ಈಗ ಹೇಳಲೇ? ಕಾಮನ ಹಬ್ಬ, ಹುಡುಗಾಟಿಕೆ ಎಂದು ಹೇಳಲೇ? ಹವಾಲ್ದಾರ ಬಸಿಯಲ್ಲಿ ಚಹಾ ಸುರುವಿಕೊಂಡು ಇವನನ್ನೇ ನೋಡುತ್ತಿದ್ದ. ಭರಮಪ್ಪ ಸಹಿ ಮಾಡಿದ. ಹಿಂದಿನದು ಬಾಗಿಲಿನ ಕಳವು, ಇಂದಿನದು ಸರ್ಕಾರಕ್ಕೆ ಹೇಳಿದ ಸುಳ್ಳು. ಒಂದಿದ್ದದ್ದು ಎರಡಾಯಿತು.

ಆ ದಿನದಿಂದ ಅಂಜಿಕೆ ಅವನ ಜೊತೆ ಖೋಲಿಗೆ ಬಂತು, ಊಟಕ್ಕೆ ಕೂತಿತು, ಮಗ್ಗುಲಲ್ಲಿ ಮಲಗಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವನ ಹೆಗಲ ಮೇಲಿಂದ ಕೈ ಇಳಿಯಲೇ ಇಲ್ಲ. ಕಚೇರಿಯ ಮುಂದೆ ಜೀಪು ನಿಂತರೆ ಒಳಗಿನ ಕೋಣೆಗೆ ಹೋಗಿ ಕಾಗದದ ಕಟ್ಟು ಸರಿಸುತ್ತಿದ್ದ. ಯಾರಾದರೂ ಹೆಸರು ಹಿಡಿದು ಕರೆದರೆ ಓಗೊಡುವ ಮೊದಲು ಕರೆದವರ ಕಾಲು ನೋಡುತ್ತಿದ್ದ, ಪೊಲೀಸ್ ಬೂಟು ಇದೆಯೋ ಎಂದು. ಬೇರೆ ಕಚೇರಿಯಲ್ಲಾದರೆ ಪೊಲೀಸರು ಎಂದೋ ಒಮ್ಮೆ ಬರುತ್ತಾರೆ. ಇವನ ಗ್ರಹಚಾರಕ್ಕೆ ಖಜಾನೆಯಲ್ಲಿ ಅವರು ಹಗಲೂ ರಾತ್ರಿ ಕೂತೇ ಇರುತ್ತಿದ್ದರು.

ಅದರಲ್ಲೂ ಇಸ್ಮಾಯಿಲಸಾಬ ಮಾತಿನ ಮಲ್ಲ. ಮನಸ್ಸಿನಲ್ಲಿ ಏನೂ ಇಲ್ಲದ ಮನುಷ್ಯ, ಆದರೆ ಬಾಯಿ ಸುಮ್ಮನಿರದು. ಖಾರ ಚುರುಮರಿ ಕಟ್ಟಿಸಿಕೊಂಡು ಬಂದು ಭರಮಪ್ಪನ ಮುಂದೂ ಒಂದು ಹಿಡಿ ಇಡುತ್ತಿದ್ದ.

"ಕರೇಕಟ್ಟಿಯವ ಅಲ್ಲೇನು ನೀ? ನಮ್ಮ ತಂಗಿನ್ನ ದುಂಡಶಿಗೇ ಕೊಟ್ಟೀವಿ. ನಿಮ್ಮೂರಾಗ ಒಮ್ಮೆ ಏನೋ ಹೋಳಿ ಗದ್ದಲ ಆಗಿತ್ತಂತಲ್ಲೋ, ಆಕಿ ಹೇಳ್ತಿದ್ಲು."

ಭರಮಪ್ಪನ ಬಾಯಲ್ಲಿದ್ದ ಚುರುಮರಿ ಅಲ್ಲೇ ಉಳಿಯಿತು. "ನನಗ ಗೊತ್ತಿಲ್ರಿ ಹವಾಲ್ದಾರ್ರ. ನಾ ಆವಾಗ ಊರಾಗ ಇದ್ದಿಲ್ಲ" ಅಂದ. ಅದು ಇನ್ನೊಂದು ಸುಳ್ಳು.

ಊರಿನ ಕಡೆ ತಲೆ ಹಾಕುವುದನ್ನು ಬಿಟ್ಟ. ಪಂಚಮಿಗೆ ಹೋಗೋಣ ಎಂದಳು ಶಂಕ್ರವ್ವ, ರಜೆ ಇಲ್ಲ ಎಂದ. ದೀಪಾವಳಿಗೆ ಎಂದಳು, ರಜೆ ಇಲ್ಲ ಎಂದ. "ಇಡೀ ಖಜಾನಿ ನಿಮ್ಮ ತಲಿ ಮ್ಯಾಲ ನಿಂತೈತೇನ್ರಿ? ಸಾಹೇಬ್ರಾದ್ರೂ ಊರಿಗೆ ಹೋಗ್ತಾರ" ಎಂದು ಆಕೆ ನಕ್ಕಳು. ಅವನಿಗೆ ನಗು ಬರಲಿಲ್ಲ. ದಿನ ತುಂಬಿದ ಹೆಂಡತಿಯ ಹೊಟ್ಟೆ ನೋಡಿದಾಗಲೆಲ್ಲ ಅವನಿಗೆ ಕಾಣುತ್ತಿದ್ದುದು ಕೈಗೆ ಕೋಳ ಹಾಕಿಸಿಕೊಂಡು ಎಲೆ ಪೇಟೆಯ ನಡುವೆ ತಾನು ನಡೆಯುವ ಚಿತ್ರ, ಹಿಂದೆ ಕೂಸನ್ನೆತ್ತಿಕೊಂಡು ಈಕೆ.

ಬನ್ನಿ ಹಬ್ಬ, ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಒಂದು ಮಧ್ಯಾಹ್ನ ಪಹರೆ ಬದಲಿಸಿ ಹೊರಟ ಇಸ್ಮಾಯಿಲಸಾಬ ಬಾಗಿಲಲ್ಲಿ ನಿಂತು ಅಂದ: "ಭರಮಾ, ಪ್ಯಾಡೆ ತರಸು. ನಿನ್ನ ಎನಕ್ವಾಯರಿ ಕಾಗದಾ ನಿಮ್ಮೂರ ಠಾಣೆಗೆ ಹೋಗೇತಂತ. ಊರಾಗ ಹಿರ್ಯಾರನ್ನ ಕೇಳ್ತಾರ, ಹಳೇ ದೂರು ಏನರ ಇದ್ರ ದೂರು ಕೊಟ್ಟವರನ್ನೂ ಕೇಳ್ತಾರ. ನಿಂದೇನೈತಿ ಬಿಡು, ಆಕಳಂಥವ."

ಆಕಳಂಥವನ ಕೈಯಲ್ಲಿದ್ದ ಅರಗಿನ ಕಡ್ಡಿ ನೆಲಕ್ಕೆ ಬಿದ್ದು ತುಂಡಾಯಿತು.

ಆ ಸಂಜೆ ಭರಮಪ್ಪ ಹೆಂಡತಿಯ ಮುಂದೆ ಕೂತು ಎಲ್ಲವನ್ನೂ ಹೇಳಿದ. ಕದ, ಹಾರೆ, ಮಸಿ, ಅರ್ಜಿಯ ಸುಳ್ಳು. ಗುತ್ತೆವ್ವ ಒಬ್ಬಳು ಬಾಯಿ ಬಿಟ್ಟರೆ ಮುಗಿಯಿತು, ದೂರು ಅವಳ ಹೆಸರಿನಲ್ಲೇ ಇದೆ, ನಾಳೆಯೇ ಹೋಗಿ ಕಾಲು ಹಿಡಿಯುತ್ತೇನೆ ಎಂದ. ಶಂಕ್ರವ್ವ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಆಮ್ಯಾಲ ಆಕಿಗೆ ಕದಾ ಮಾಡಿಸಿ ಕೊಟ್ರೇನು?"

ಭರಮಪ್ಪನಿಗೆ ರೇಗಿತು. "ನನ್ನ ನೌಕರಿ ಹೊಂಟೈತಿ, ನಿನಗ ಕದದ ಚಿಂತಿ! ಊರವರು ಕೊಟ್ಟಿರ್ತಾರ ತಗೋ." ಶಂಕ್ರವ್ವ ಬುತ್ತಿಗೆ ರೊಟ್ಟಿ ಬಡಿಯಲು ಎದ್ದಳು.

ಮಾರನೆಯ ದಿನ ಶಿಗ್ಗಾವಿಗೆ ಹೋಗಿ ದುಂಡಶಿಯ ಬಸ್ಸು ಹಿಡಿದ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಓದಿಕೊಂಡ. ಚಿಗವ್ವಾ, ಹುಡುಗಬುದ್ಧಿ. ಚಿಗವ್ವಾ, ನನ್ನ ಹೆಂಡತಿ ಬಸುರಿ. ಬಸ್ಸಿಳಿದು ಹೊಲದ ದಾರಿಯಲ್ಲಿ ನಡೆಯುವಾಗ ಎದುರಿಗೆ ಸೈಕಲ್ಲಿನ ಗಂಟೆ ಕೇಳಿದರೂ ಪೊಲೀಸನೇ ಬಂದನೆಂದು ಜೋಳದ ಸಾಲಿನೊಳಗೆ ಸರಿದ. ಹಾಲು ಮಾರುವವನು ಅವನನ್ನು ನೋಡಿ, ಹೊಟ್ಟೆ ಕೆಟ್ಟಿದೆ ಪಾಪ ಅಂದುಕೊಂಡು ಹೋದ.

ಮೇಲಿನ ಓಣಿಯ ಕಟ್ಟೆಯ ಮೇಲೆ ಹಿರಿಯ ಅಜ್ಜಪ್ಪ ಬಿಸಿಲು ಕಾಯಿಸುತ್ತ ಕೂತಿದ್ದ. ಅಂದು ರಾಜಿ ಮಾಡಿಸಿದವನು ಅವನೇ. ಭರಮಪ್ಪನನ್ನು ನೋಡಿ ಮುದುಕನ ಮುಖ ಅರಳಿತು.

"ಬಾರೋ ಸರ್ಕಾರದ ಮನಷ್ಯಾ! ನಿನ್ನಿ ಪೊಲೀಸಪ್ಪ ಬಂದಿದ್ದ, ನಿನ್ನ ಬಗ್ಗೇನ ಕೇಳಿದ."

ಭರಮಪ್ಪ ಕಟ್ಟೆಯ ಕಲ್ಲು ಹಿಡಿದುಕೊಂಡ. ತಡವಾಗಿತ್ತು. "ಏನ್ ಹೇಳಿದ್ರಿ ಕಾಕಾ?"

"ಬಿಡ್ತೇವೇನಲೇ ನಾವು! ನಮ್ಮ ಓಣಿ ಹುಡುಗಂದು ಚಲೋ ಮಾತ ಹೇಳಿದ್ವಿ. ಭರಮನಂಥಾ ಹುಡುಗ ಈ ಸೀಮ್ಯಾಗ ಇಲ್ರಿ ಅಂದೆ. ಕೀಲಿ ಹಾಕಿದ ಕದಾನ ಕೀಲಿ ಸುದ್ದಾ ಎತ್ತಿ ತಂದ ಗಂಡಸ್ರಿ ಅಂದೆ. ಆ ವರ್ಷ ನಮ್ಮ ಕಾಮ ಉರದಂಗ ಮತ್ತ ಉರದಿಲ್ರಿ ಅಂದೆ. ಇಲ್ಲಿದ್ದವರೆಲ್ಲಾ ಹೌದೌದು ಅಂದ್ರು."

ಊರಿನ ಪ್ರೀತಿ ಅಂದರೆ ಇದು. ವೈರಿ ಕೂಡ ಇಷ್ಟು ಚೊಕ್ಕವಾಗಿ ಕುತ್ತಿಗೆ ಕೊಯ್ಯಲಾರ.

"ಮತ್ತ... ಪೊಲೀಸಪ್ಪ ಏನಂದ್ರೀ?"

"ಏನಂತಾನ, ನಕ್ಕಾ. ಆಮ್ಯಾಲ ಗುತ್ತೆವ್ವನ ಮನಿ ಯಾವದು ಅಂತ ಕೇಳಿ ಆ ಕಡೆ ಹ್ವಾದ. ಯಾಕೋ, ಮುಖಾ ಯಾಕ ಹಿಂಗ ಬೆಳ್ಳಗಾತು? ಉಂಡಿಯೋ ಇಲ್ಲೋ?"

ಭರಮಪ್ಪ ಕೆಳಗಿನ ಓಣಿಗೆ ನಡೆದ. ಓಡಿದನೆಂದರೂ ತಪ್ಪಿಲ್ಲ. ಗುತ್ತೆವ್ವ ಹೇಳಬಾರದ್ದನ್ನು ಹೇಳಿಯಾಗಿದ್ದರೆ ಈಗ ಹೋಗಿ ಪ್ರಯೋಜನವಿಲ್ಲ ಎಂದು ಮನಸ್ಸು ಹೇಳುತ್ತಿತ್ತು, ಕಾಲು ಕೇಳಲಿಲ್ಲ. ಕೊನೆಯ ಮನೆಯ ಕಟ್ಟೆ ಹತ್ತಿ, ಬಾಗಿಲು ಬಡಿಯಲು ಕೈ ಎತ್ತಿದ.

ಬಡಿಯಲು ಅಲ್ಲಿ ಬಾಗಿಲಿರಲಿಲ್ಲ.

ಹತ್ತಿಕಟ್ಟಿಗೆ ಹೆಣೆದ ತಟ್ಟಿಯೊಂದನ್ನು ಚೌಕಟ್ಟಿಗೆ ಹಗ್ಗದಿಂದ ಬಿಗಿದಿದ್ದರು. ಮಳೆಗೆ ನೆನೆದು ಕರಿದಾಗಿ, ಅಲ್ಲಲ್ಲಿ ಬೆಳಕು ತೂರುವ ತಟ್ಟಿ. ಹೊಸ್ತಿಲ ಮೂಲೆಯಲ್ಲಿ ಕದದ ಗೂಟ ತಿರುಗುತ್ತಿದ್ದ ಕಲ್ಲಿನ ಕುಳಿ ಹಾಗೇ ಇತ್ತು, ಅದರಲ್ಲಿ ಮಣ್ಣು ತುಂಬಿ ಹುಲ್ಲು ಚಿಗುರಿತ್ತು. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಭರಮಪ್ಪ ನಿಂತ. ಹೆಂಡತಿಯ ಪ್ರಶ್ನೆ ಆಗ ಅವನ ಕಿವಿಗೆ ಬಿತ್ತು.

"ಯಾರದು?" ಒಳಗಿನಿಂದ ದನಿ ಬಂತು. ತಟ್ಟಿಯ ಹಗ್ಗ ಬಿಚ್ಚಿದ ಗುತ್ತೆವ್ವ ಹೊರಗೆ ಇಣುಕಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕಣ್ಣು ಕೆಂಪಗಿದ್ದವು. "ಭರಮನಾ? ಬಾ. ಪೊಲೀಸ ಬಂದು ಹೋದನಲ್ಲ, ಇನ್ನ ನೀ ಬರ್ತೀ ಅಂತ ಗೊತ್ತಿತ್ತು."

ಬಸ್ಸಿನಲ್ಲಿ ಓದಿಕೊಂಡ ಒಂದು ಮಾತೂ ಬಾಯಿಗೆ ಬರಲಿಲ್ಲ. "ಚಿಗವ್ವಾ, ಅವಂಗ ಏನ್ ಹೇಳಿದಿ?" ಎಂದಷ್ಟೇ ಅಂದ.

"ಮೊದ್ಲ ನೀರು ಕುಡಿ." ತಂಬಿಗೆ ಕೊಟ್ಟು, ಅವನು ಕುಡಿದು ಮುಗಿಸಿದ ಮೇಲೆ ಆಕೆ ಅಂದಳು: "ಕದಾ ಕಳುವಾಗಿತ್ತೇನು ಅಂತ ಕೇಳಿದ. ಇಲ್ಲಪಾ, ಕಾಮಗ ನಾನ ಕೊಟ್ಟಿದ್ದೆ, ಆ ಹುಡುಗಂದು ಏನೂ ತಪ್ಪಿಲ್ಲ, ನಮ್ಮಣ್ಣ ತಿಳೀಲಾರದ ಠಾಣೆಕ್ಕ ಹೋಗಿದ್ದ ಅಂದೆ. ಬರಕೊಂಡು ಹೆಬ್ಬಟ್ಟು ಒತ್ತಿಸಿಕೊಂಡು ಹ್ವಾದ."

ಭರಮಪ್ಪ ತಂಬಿಗೆ ಕೆಳಗಿಟ್ಟ. ಇಷ್ಟು ದಿನ ಒಳಗೆ ಕೂತಿದ್ದ ಅಂಜಿಕೆ ಒಮ್ಮೆಲೆ ಅಳುವಾಗಿ ಬಂತು. ಆಕೆಯ ಕಾಲು ಹಿಡಿಯಲು ಬಗ್ಗಿದ. ಗುತ್ತೆವ್ವ ಕಾಲು ಹಿಂದಕ್ಕೆಳೆದುಕೊಂಡಳು.

"ನಿನ್ನ ಸಲುವಾಗಿ ಹೇಳಿಲ್ಲ. ನಿನ್ನ ಹೇಂತಿ ಬಸರಿ ಅಂತ ಕೇಳಿದ್ದೆ. ನಿನ್ನ ಹಿಡಕೊಂಡು ಹೋದ್ರ ಆಕಿ ಕೂಸಿನ್ನ ಇಟ್ಕೊಂಡು ಒಬ್ಬಾಕೀನ ರಾತ್ರಿ ಎಲ್ಲಾ ಎದ್ದು ಕುಂದ್ರಬೇಕು. ಅದು ಹೆಂಗಿರತೈತಿ ಅಂತ ನನಗ ಗೊತ್ತೈತಿ, ನಿಮಗ್ಯಾರಿಗೂ ಗೊತ್ತಿಲ್ಲ."

ಆಕೆ ಹೊಸ್ತಿಲ ಮೇಲೆ ಕುಳಿತಳು. ಕುಳಿತ ರೀತಿ ನೋಡಿದರೆ ಅದೇ ಆಕೆಯ ಜಾಗ ಎಂದು ತಿಳಿಯುತ್ತಿತ್ತು. ಅಲ್ಲಿನ ಗೋಡೆ ಬೆನ್ನು ತಾಗಿ ತಾಗಿ ನುಣುಪಾಗಿತ್ತು.

"ಕರೆವ್ವ ಆಗಷ್ಟ ದೊಡ್ಡಾಕಿ ಆಗಿದ್ಲು. ಊರ ಹೊರಗಿನ ಮನಿ, ಗಂಡಸ್ರಿಲ್ಲ, ಕದಾ ಇಲ್ಲ. ತಟ್ಟಿ ಕಟ್ಟಿದೆ. ತಟ್ಟಿಗೆ ನಾಯಿ ಅಂಜೂದಿಲ್ಲ, ಕುಡದ ಗಂಡಸರು ಅಂಜತಾರ? ಒಂದ ರಾತ್ರಿ ಯಾವನೋ ಹಗ್ಗಾ ಕೊಯ್ದು ತಟ್ಟಿ ಸರಿಸಿದ. ನಾ ಕುಡಗೋಲ ಹಿಡದು ಒದರಿದೆ, ಓಡಿ ಹ್ವಾದ. ಯಾವನು ಅನ್ನೂದು ಗೊತ್ತೈತಿ, ಹೇಳಿ ಏನಾಗೂದೈತಿ? ಅವತ್ತಿನಿಂದ ಇಲ್ಲೇ ಕುಂತೆ, ಕುಡಗೋಲು ತೊಡಿ ಮ್ಯಾಲ ಇಟ್ಕೊಂಡು. ಹಗಲಿ ಕೂಲಿ, ರಾತ್ರಿ ಇದು."

"ಕೇಳಬೇಕಿತ್ತು ಚಿಗವ್ವಾ. ಓಣಿಯವರು ಕೊಡ್ತೀವಿ ಅಂದಿದ್ರಲ್ಲ..." ಅಂದು ಭರಮಪ್ಪ ನಾಲಿಗೆ ಕಚ್ಚಿಕೊಂಡ.

"ಹೆಂಗ ಕೇಳೂದು? ಕಾಮಗ ಹೋದದ್ದು ಕೇಳಬಾರ್ದು ಅಂತ ನೀವ ಹೇಳ್ತೀರಿ. ಅಣ್ಣ ಠಾಣೆಕ್ಕ ಹೋಗಿದ್ದಕ್ಕ ಊರಾಗ ನನ್ನ ಮಾತಾಡ್ಸೂದ ಬಿಟ್ಟಿದ್ರಿ. ಕಾದೆ. ಎಷ್ಟಂತ ಕಾಯ್ಲಿ? ಚಿಕ್ಕೇರೂರ ಕಡಿಂದ ಒಬ್ಬಾವ ಹೆಣ್ಣ ಕೇಳಾಕ ಬಂದ. ಹೇಂತಿ ಸತ್ತಾವ, ವಯಸ್ಸಿನ್ಯಾಗ ನನ್ನ ಸರೀಕ. ಹೋಗಿ ಮನಿ ನೋಡಿ ಬಂದೆ. ಕದಾ ಗಟ್ಟಿ ಇತ್ತು. ಕೊಟ್ಟಬಿಟ್ಟೆ."

ಭರಮಪ್ಪ ತಲೆ ಎತ್ತಲಿಲ್ಲ. ಓಣಿಯಲ್ಲಿ ಕುಂಟಾಟ ಆಡುತ್ತಿದ್ದ, ಎರಡು ಜಡೆಯ ಕರೆವ್ವ ಅವನಿಗೆ ನೆನಪಿದ್ದಳು. ಆಕೆಯ ಮದುವೆ ಆದದ್ದೂ ಗೊತ್ತಿತ್ತು, ಚಿಕ್ಕೇರೂರಿಗೆ ಹೋಗಿ ಅಕ್ಕಿಕಾಳು ಹಾಕಿ ಉಂಡು ಬಂದಿದ್ದ. ಮುದಿ ಗಂಡನ್ನು ನೋಡಿ ಗೆಳೆಯರೊಡನೆ ನಕ್ಕೂ ಇದ್ದ. ತಾನು ಪಟ್ಟ ಭಯ ಅವನಿಗೆ ಈಗ ನಾಚಿಕೆ ತಂದಿತು. ಅವನು ಅಂಜಿದ್ದು ಪೊಲೀಸರಿಗೆ, ಅದೂ ಕೀಲಿ ಹಾಕಿದ ಖೋಲಿಯೊಳಗೆ ಹೆಂಡತಿಯ ಪಕ್ಕ ಮಲಗಿ. ಆ ಅಂಜಿಕೆಯ ನಡುವೆ ಒಂದು ಸಲವೂ, ಒಂದೇ ಒಂದು ಸಲವೂ, ಈ ಮನೆಯ ಬಾಗಿಲು ಏನಾಯಿತು ಎಂದು ಅವನಿಗೆ ಹೊಳೆದಿರಲಿಲ್ಲ.

ಹೊರಡುವಾಗ ಗುತ್ತೆವ್ವ ತಟ್ಟಿಯ ಹಗ್ಗ ಮತ್ತೆ ಕಟ್ಟಿಕೊಂಡಳು. ಹಗಲು ಹೊತ್ತಿನಲ್ಲೂ ಕಟ್ಟಿಕೊಳ್ಳುವ ರೂಢಿ ಆಕೆಗೆ ಬಿದ್ದುಹೋಗಿತ್ತು.

ವರದಿ ಬಂತು. "ಏನೂ ಇಲ್ಲ ಅಂತ ಬರದಾರ" ಎಂದು ಕುಬೇರಪ್ಪ ಕಾಗದವನ್ನು ಫೈಲಿಗೆ ಸೇರಿಸಿದರು. ಇಸ್ಮಾಯಿಲಸಾಬ ಪ್ಯಾಡೆ ಕೇಳಿ ತಿಂದ. ಲೆಕ್ಕ ನೋಡದೆ ಎಲ್ಲರಿಗೂ ಪ್ಯಾಡೆ ಹಂಚಿದ ಭರಮಪ್ಪನ ಮುಖದಲ್ಲಿ ಯಾಕೆ ಗೆಲುವಿಲ್ಲ ಎಂದು ಅವನಿಗೆ ತಿಳಿಯಲಿಲ್ಲ. ಬೆರಳಚ್ಚಿನ ಮಾತನ್ನು ಭರಮಪ್ಪ ಬೇರೆ ಯಾರದೋ ಎಂಬಂತೆ ಕೇಳಿ ನೋಡಿದ. ಹವಾಲ್ದಾರ ನಕ್ಕುಬಿಟ್ಟ.

"ಶಿಕ್ಷಾ ಆದವರದು ಮಾತ್ರ ಮ್ಯಾಲ ಕಳಸ್ತಾರೋ. ರಾಜಿ ಆದದ್ದು ಯಾರು ಇಟ್ಕೋತಾರ? ಅವತ್ತ ಹರದು ಒಗದಿರ್ತಾರ."

ಆ ತಿಂಗಳು ಶಂಕ್ರವ್ವ ಹೆಣ್ಣು ಹೆತ್ತಳು. ಬಾಣಂತನದ ಖರ್ಚು ಕಳೆದ ಕೂಡಲೇ ಭರಮಪ್ಪ ಸವಣೂರಿನ ಬಡಿಗನ ಹತ್ತಿರ ಮತ್ತಿಮರದ ಕದ ಮಾಡಿಸಿದ. ಅದನ್ನು ಬಸ್ಸಿನ ಮೇಲೆ ಹೇರಿಸಿ, ದುಂಡಶಿಯಿಂದ ಚಕ್ಕಡಿಯಲ್ಲಿ ತಂದು, ಕಲ್ಲಿನ ಕುಳಿಯ ಹುಲ್ಲು ಕಿತ್ತು, ತಾನೇ ನಿಂತು ಕೂರಿಸಿದ. ಗುತ್ತೆವ್ವ ದೂರ ನಿಂತು ನೋಡಿದಳು.

"ಈಗ ಒಳಗ ಕಾಯುವಂಥಾದ್ದು ಏನೈತೋ ಭರಮಾ" ಎಂದಳು. ಆದರೂ ಒಳಗೆ ಹೋಗಿ, ಬೂದಿಯಿಂದ ಹೆಕ್ಕಿ ಇಟ್ಟಿದ್ದ ಹಳೆಯ ಚಿಲಕವನ್ನು ತಂದು ಕೊಟ್ಟಳು. ಅದನ್ನೇ ಬಡಿದು ಕೂರಿಸಿದ. ಆಕೆ ಒಳಗೆ ಹೋಗಿ ಕದ ಮುಂದೆ ಮಾಡಿ ಅಗಳಿ ಹಾಕಿದ ಸಪ್ಪಳ ಕೇಳಿದ ಮೇಲೆ ಅವನು ಕಟ್ಟೆ ಇಳಿದ.

ಮುಂದಿನ ಹೋಳಿಯಿಂದ ಆತ ಪ್ರತಿ ವರ್ಷ ರಜೆ ಹಾಕಿ ಊರಿಗೆ ಬರತೊಡಗಿದ. ಕಾಮನ ಹತ್ತಿರ ಸುಳಿಯುತ್ತಿರಲಿಲ್ಲ. ಗುತ್ತೆವ್ವನ ಕಟ್ಟೆಯ ಮೇಲೆ ಕಂಬಳಿ ಹಾಸಿ, ಖಜಾನೆಯ ಪಹರೆಯವರ ಹಾಗೆ ಬೆಳಗಿನವರೆಗೆ ಕೂರುತ್ತಿದ್ದ. ಸರ್ಕಾರ ಈ ಕದಕ್ಕೂ ಅರಗು ಹಚ್ಚಿದೆಯೇನು ಎಂದು ಹೊಸ ಹುಡುಗರು ಚೇಷ್ಟೆ ಮಾಡುತ್ತಿದ್ದರು. ಭರಮಪ್ಪನೂ ನಗುತ್ತಿದ್ದ. ಗುತ್ತೆವ್ವ ಒಳಗಿನಿಂದ, "ಚಳಿ ಐತಿ, ಮೈ ತುಂಬ ಹೊದಕೋ" ಎಂದು ಕೂಗುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಮಾತು ಇಬ್ಬರ ನಡುವೆ ಬೆಳೆಯಲಿಲ್ಲ.

ಎಂಬತ್ನಾಲ್ಕರ ಬೇಸಿಗೆಯಲ್ಲಿ ಗುತ್ತೆವ್ವ ತೀರಿಕೊಂಡಳು. ಸುದ್ದಿ ಮುಟ್ಟಿ ಭರಮಪ್ಪ ಬರುವಷ್ಟರಲ್ಲಿ ಚಿಕ್ಕೇರೂರಿನಿಂದ ಕರೆವ್ವ ಬಂದಿದ್ದಳು. ಗಂಡ ಎರಡು ವರ್ಷದ ಹಿಂದೆ ಸತ್ತು ಆಕೆಯ ಹಣೆ ಬರಿದಾಗಿತ್ತು. ಜೊತೆಗೆ ಬಂದಿದ್ದ ಮಲಮಕ್ಕಳು ಆಕೆಗಿಂತ ದೊಡ್ಡವರಾಗಿ ಕಾಣುತ್ತಿದ್ದರು. ಮಣ್ಣು ಮಾಡಿ ಬಂದ ಮೇಲೆ ಜನ ಕರಗಿತು. ಕರೆವ್ವ ಒಬ್ಬಳೇ ಹೊಸ್ತಿಲ ಮುಂದೆ ನಿಂತು ಕದದ ಮೇಲೆ ಅಂಗೈ ಆಡಿಸಿದಳು, ಚಿಲಕ ಮುಟ್ಟಿದಳು, ಒಮ್ಮೆ ಮುಚ್ಚಿ ಒಮ್ಮೆ ತೆರೆದು ನೋಡಿದಳು. ಕಟ್ಟೆಯ ಕೆಳಗೆ ನಿಂತಿದ್ದ ಭರಮಪ್ಪನಿಗೆ, ಎಂದೋ ಬಿಟ್ಟುಹೋಗಿದ್ದ ಅಂಜಿಕೆ ಮತ್ತೆ ಮೈಗೆಲ್ಲ ಹತ್ತಿತು.

"ನೀವ ಮಾಡಸಿದ್ದಂತ, ಅವ್ವ ಹೇಳಿದ್ಲು" ಎಂದಳು ಕರೆವ್ವ. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. "ಚಲೋ ಐತ್ರಿ ಕದಾ. ಆವಾಗ ಇರಬೇಕಾಗಿತ್ತು."

ಭರಮಪ್ಪ ಕಟ್ಟೆಯ ಮೇಲೆ ಒಂದು ಕಾಲಿಟ್ಟ. ಕರೆವ್ವ ಕಾಯಲಿಲ್ಲ. ಒಳಗೆ ಹೋಗಿ ಕದ ಮುಂದೆ ಮಾಡಿಕೊಂಡಳು. ಅವನು ಸಂಜೆಯ ಬಸ್ಸಿಗೆ ಹೊತ್ತಾಗುವವರೆಗೂ ಆ ಕದದ ಹೊರಗೆ ನಿಂತಿದ್ದ, ಬಡಿಯಲಿಲ್ಲ.